ಗಾಳಿಬೋರೆಯ ಮೀನಿನ ಲೆಕ್ಕ: ಕಾವೇರಿ ವನ್ಯಜೀವಿಧಾಮದ ಕುರಿತು ಒಂದು ಟಿಪ್ಪಣಿ

ಕಾವೇರಿ ವನ್ಯಜೀವಿಧಾಮ ಘೋಷಣೆಯಾದದ್ದು 1987ರಲ್ಲಿ. ಅಲ್ಲಿನ ಕಾಡನ್ನೂ ನದಿಪಾತ್ರವನ್ನೂ ಕಾಯುವುದು ಅರಣ್ಯ ಇಲಾಖೆ. ನಾಡಿನ ಕೆರೆ, ಜಲಾಶಯಗಳಿಗೆ ಮೀನುಮರಿ ಬಿಡುವುದು ಮೀನುಗಾರಿಕೆ ಇಲಾಖೆ. ಭೀಮೇಶ್ವರಿ, ಗಾಳಿಬೋರೆಗಳ ಶಿಬಿರ ನಡೆಸುವುದು ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್. ಈ ಮೂವರ ಕೆಲಸವೂ ಬಂದು ತಟ್ಟುವುದು ಒಂದೇ ಜೀವಿಗೆ: ಮಹಶೀರ್ ಮೀನಿಗೆ.

ಈ ಶಿಬಿರಗಳಲ್ಲಿ ಗಾಳ ಹಾಕಲು ಬಿಡುತ್ತಿದ್ದ ಕಾಲದಲ್ಲಿ ಗಾಳದವರು ಎರೆಯಾಗಿ ಬಳಸುತ್ತಿದ್ದುದು ಬೇಯಿಸಿದ ರಾಗಿಹಿಟ್ಟಿನ ಉಂಡೆ. ಅದನ್ನು ಗಾಳಕ್ಕೆ ಮೆತ್ತಿ, ಹರಿಗೋಲಿನಲ್ಲಿ ಕುಳಿತೋ ದಡದ ಬಂಡೆಯ ಮೇಲೆ ನಿಂತೋ ಮಡುವಿಗೆ ಎಸೆಯುತ್ತಿದ್ದರು. ಸಿಕ್ಕ ಮೀನನ್ನು ತೂಗಿ, ತೂಕ ಬರೆದುಕೊಂಡು, ಜೀವಂತವಾಗಿ ನೀರಿಗೆ ಬಿಡುವುದು ಕಟ್ಟಳೆಯಾಗಿತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರಿಗೆ ಶಿಬಿರಗಳಲ್ಲೇ ದಾರಿ ತೋರುವ, ಕಾವಲು ಕಾಯುವ ಕೆಲಸ ಸಿಕ್ಕಿತು. ತೋಟೆ ಸಿಡಿಸುವವರ ಮೇಲೆ ಕಣ್ಣಿಡಲು ನದಿಯನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದರು?

ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಇಟ್ಟ ಈ ಲೆಕ್ಕವನ್ನು ಪಿಂಡರ್, ರಾಘವನ್, ಬ್ರಿಟನ್ ಎಂಬ ಸಂಶೋಧಕರು 2015ರಲ್ಲಿ ವಿಶ್ಲೇಷಿಸಿದರು. 23,620 ಗಂಟೆಗಳ ಗಾಳದಲ್ಲಿ 6,161 ಮೀನು. ಅರ್ಧ ಕಿಲೋಗೂ ಕಡಿಮೆಯಿದ್ದವುಗಳಿಂದ ಹಿಡಿದು 46 ಕಿಲೋ ಮೀರಿದವುಗಳವರೆಗೆ. ವರ್ಷ ಕಳೆದಂತೆ ಸಿಗುವ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಮರಿಗಳು ಬದುಕಿ ಬೆಳೆಯುತ್ತಿವೆ, ಕಾವಲು ಫಲ ಕೊಟ್ಟಿದೆ ಎಂದು ಅರ್ಥೈಸಲು ಅಡ್ಡಿಯಿರಲಿಲ್ಲ. ಒಟ್ಟು ಮೊತ್ತದ ಮಟ್ಟಿಗೆ ಅದು ನಿಜವೂ ಹೌದು.

ಆದರೆ ಅದೇ ಲೆಕ್ಕವನ್ನು ಬಗೆವಾರು ಬಿಡಿಸಿದಾಗ ಚಿತ್ರ ತಿರುಗಿಬಿತ್ತು. ಏರಿದ್ದು ನೀಲಿ ಈಜುರೆಕ್ಕೆಯ ಮಹಶೀರ್. ಕಾವೇರಿಯದೇ ಆದ, ಕಿತ್ತಳೆ ಈಜುರೆಕ್ಕೆಯ, ಗೂನುಬೆನ್ನಿನ ಮಹಶೀರ್ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿತ್ತು. ಸಿಕ್ಕವುಗಳ ತೂಕ ಮಾತ್ರ ಹೆಚ್ಚುತ್ತಿತ್ತು. ದೊಡ್ಡ ಮೀನು ಸಿಕ್ಕಿತೆಂದು ಗಾಳದವನು ಹಿಗ್ಗುವುದು ಸಹಜ. ಸಂಶೋಧಕರಿಗೆ ಅದು ಅಪಾಯದ ಸೂಚನೆ: ಮುದಿ ಮೀನುಗಳಷ್ಟೇ ಉಳಿದಿವೆ, ಅವುಗಳ ಹಿಂದೆ ಮರಿಗಳಿಲ್ಲ. ಗಾಳದ ಲೆಕ್ಕ ನದಿಯ ಮೀನೆಣಿಕೆಯಲ್ಲ, ಗಾಳದವನ ಕೈಚಳಕವೂ ಅದರಲ್ಲಿ ಸೇರಿರುತ್ತದೆ ಎಂಬ ಎಚ್ಚರ ಬೇಕೇ ಬೇಕು. ಆದರೂ ಒಂದೇ ನೀರು, ಒಂದೇ ಬಗೆಯ ಎರೆ ಇದ್ದಲ್ಲಿ ಒಂದು ಬಗೆ ಏರಿ ಇನ್ನೊಂದು ಕುಸಿಯುವುದನ್ನು ಕೈಚಳಕದಿಂದ ವಿವರಿಸಲಾಗದು.

ನೀಲಿ ಈಜುರೆಕ್ಕೆಯದು ತಾನಾಗಿ ಬಂದದ್ದಲ್ಲ. ಲೋನಾವಳದ ಟಾಟಾ ಮರಿಕೇಂದ್ರದಲ್ಲಿ ಬೆಳೆಸಿದ ಈ ಮೀನನ್ನು 1970ರ ದಶಕದಿಂದ ಕಾವೇರಿಗೆ ತಂದು ಬಿಡಲಾಯಿತು. ಮಹಶೀರ್ ಉಳಿಯಲಿ ಎಂಬ ಸದುದ್ದೇಶವೇ ಅದರ ಹಿಂದಿತ್ತು. ಯಾವ ಮಹಶೀರ್ ಎಂಬ ಪ್ರಶ್ನೆ ಮಾತ್ರ ತಡವಾಗಿ ಬಂತು. ಗೂನುಬೆನ್ನಿನ ಮೀನು ಟಾರ್ ರೆಮಾದೇವಿಯೈ ಎಂಬ ಪ್ರಭೇದವೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಜಾಗತಿಕ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಅದನ್ನು ತೀವ್ರ ಅಪಾಯದಂಚಿನ ಪಟ್ಟಿಗೆ ಸೇರಿಸಿತು.

ಅಷ್ಟರಲ್ಲಿ ಗಾಳವೂ ನಿಂತಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ ರಕ್ಷಿತ ಪ್ರದೇಶದೊಳಗಿನ ಗಾಳವೂ ಬೇಟೆಯೇ ಎಂಬ ಕಾರಣಕ್ಕೆ 2012ರ ಹೊತ್ತಿಗೆ ಶಿಬಿರಗಳಲ್ಲಿ ಅದು ಮುಗಿಯಿತು. ಕಾಯ್ದೆಯ ಆ ಓದನ್ನು ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆದರೆ ಗಾಳದ ಜೊತೆಗೇ ಆ ಲೆಕ್ಕವೂ ನಿಂತುಹೋದದ್ದು ದೊಡ್ಡ ನಷ್ಟ. ಗಾಳ ಬೇಡವೆಂದಾದರೆ ಅರಣ್ಯ ಇಲಾಖೆಯೇ ಮಡುಗಳಲ್ಲಿ ಬಗೆವಾರು ಸಮೀಕ್ಷೆ ನಡೆಸಲಿ, ಆ ನದಿ ಬಲ್ಲ ಹಳೆಯ ಕಾವಲುಗಾರರನ್ನು ಅದಕ್ಕೆ ಕರೆಯಲಿ. ಕಾವೇರಿ ಜಲಾನಯನದ ಯಾವ ನೀರಿಗೂ ಹೊರಗಿನ ಮಹಶೀರ್ ಮರಿಗಳನ್ನು ಇನ್ನು ಬಿಡಬಾರದು.