ನೆನಪಿನ ಶಕ್ತಿ ಇದೆ, ನೆನಪಾಗುತ್ತಿಲ್ಲ

ಅಪ್ಪ ತೀರಿಕೊಂಡ ಹನ್ನೊಂದನೇ ದಿನ. ಕಾರ್ಯ ಮುಗಿದು, ಊಟವಾಗಿ, ನೆಂಟರೆಲ್ಲ ಹಜಾರದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ಒಬ್ಬೊಬ್ಬರಾಗಿ ಅಪ್ಪನ ಬಗ್ಗೆ ಹೇಳತೊಡಗಿದರು. ಚಿಕ್ಕಪ್ಪ, ತಾವಿಬ್ಬರೂ ಕೆರೆಗೆ ಈಜಲು ಹೋಗಿ ಬಟ್ಟೆ ಕಳೆದುಕೊಂಡದ್ದನ್ನು ಹೇಳಿ ಎಲ್ಲರನ್ನೂ ನಗಿಸಿದರು. ತಂಗಿ ಅತ್ತುಕೊಂಡೇ ಅವಳ ಪರೀಕ್ಷೆ ದಿನದ ಒಂದು ಮಾತು ಹೇಳಿದಳು. ನನ್ನ ಸರದಿ ಬಂತು. ಬಾಯಿ ತೆರೆದೆ, ಏನೂ ಬರಲಿಲ್ಲ.

ಅಪ್ಪನ ಚೇತಕ್ ಸ್ಕೂಟರಿನ ನಂಬರು ಗೊತ್ತು. ಅವರು ಕೆಲಸ ಮಾಡಿದ ಊರುಗಳು, ವರ್ಗವಾದ ಇಸವಿಗಳು ಎಲ್ಲ ಸಾಲಾಗಿ ಗೊತ್ತು. ಆದರೆ "ಒಂದು ದಿನ ಏನಾಯ್ತು ಅಂದ್ರೆ..." ಅಂತ ಶುರು ಮಾಡಲು ಒಂದೇ ಒಂದು ದಿನವೂ ಸಿಗಲಿಲ್ಲ.

"ಹಿರೀಮಗ ನೀನು. ನಿಮ್ಮಪ್ಪನ್ನ ನೆನೆಸ್ಕೊಳ್ಳೋಕೆ ಒಂದು ಮಾತೂ ಇಲ್ವೇನೋ?" ಅಂದರು ಅತ್ತೆ.

"ಬಿಡಿ ಅಕ್ಕ, ಅವನು ಮೊದಲಿಂದ್ಲೂ ಹಾಗೇ" ಅಂದಳು ಅಮ್ಮ.

ಹೌದು, ಮೊದಲಿಂದಲೂ ಹಾಗೇ. ನನಗೆ ಆಟಿಸಂ ಇದೆ (ಕನ್ನಡದಲ್ಲಿ ಸ್ವಲೀನತೆ ಅನ್ನುತ್ತಾರೆ) ಅಂತ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಅದನ್ನು ಹೇಳಿದರೆ ಜನ ಮೊದಲು ಕೇಳುವುದೇ "ಹಾಗಾದ್ರೆ ನಿಮಗೆ ಭಾರೀ ಜ್ಞಾಪಕಶಕ್ತಿ ಇರಬೇಕಲ್ಲ?" ಅಂತ. ಈ ಪ್ರಶ್ನೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ ಚರಿತ್ರೆ ಸ್ವಾರಸ್ಯವಾಗಿದೆ, ಸ್ವಲ್ಪ ಬೇಸರವನ್ನೂ ತರಿಸುತ್ತದೆ.

ಕತೆ ಶುರುವಾಗುವುದು ಅಮೆರಿಕದಲ್ಲಿ. ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಐದು ವರ್ಷದ ಹುಡುಗನನ್ನು 1938ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ, ಡಾಕ್ಟರ್ ಲಿಯೋ ಕ್ಯಾನರ್ ಅವರ ಬಳಿಗೆ ಕರೆತಂದರು. ಅವನ ತಂದೆ ಮೊದಲೇ ಮಗನ ಬಗ್ಗೆ 33 ಪುಟಗಳ ಕಾಗದ ಬರೆದಿದ್ದರು. ಎಳೆಯ ವಯಸ್ಸಿಗೇ ಅವನು ಅಮೆರಿಕದ ಅಧ್ಯಕ್ಷರ ಚಿತ್ರಗಳನ್ನು ಗುರುತಿಸುತ್ತಿದ್ದ, ಅಕ್ಷರಮಾಲೆಯನ್ನು ಹಿಂದುಮುಂದಾಗಿ ಹೇಳುತ್ತಿದ್ದ. 1943ರಲ್ಲಿ ಕ್ಯಾನರ್ 11 ಮಕ್ಕಳ ಬಗ್ಗೆ ತಮ್ಮ ಪ್ರಸಿದ್ಧ ಲೇಖನ ಬರೆದಾಗ ಡೊನಾಲ್ಡನೇ ಮೊದಲನೆಯವನು. ಈ ಮಕ್ಕಳಿಗೆ ಬಾಯಿಪಾಠದ ಶಕ್ತಿ ಬಹಳ ಚೆನ್ನಾಗಿದೆ ಅಂತ ಅವರು ಗುರುತಿಸಿದರು. ಆದರೆ ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇದೆ: ಮಕ್ಕಳ ಈ ಶಕ್ತಿಯನ್ನು ಕಂಡ ತಂದೆತಾಯಿ ಅವರ ತಲೆಗೆ ಇನ್ನಷ್ಟು ಪದ್ಯಗಳನ್ನೂ ಹೆಸರುಗಳನ್ನೂ ತುಂಬುತ್ತಿದ್ದರಂತೆ. ನಮ್ಮ ಮನೆಗಳಲ್ಲೂ ನೆಂಟರು ಬಂದಾಗ "ಎಲ್ಲಿ ಪುಟ್ಟಾ, ಮಗ್ಗಿ ಹೇಳು" ಅನ್ನುತ್ತೇವಲ್ಲ, ಹಾಗೆ! "ಬೆಳಿಗ್ಗೆ ಏನಾಯ್ತು ಹೇಳು" ಅಂತ ಕೇಳಿ ನೋಡಿದವರು ಕಡಿಮೆ.

ಎರಡು ದಶಕ ಕಳೆದ ಮೇಲೆ ಕತೆ ಲಂಡನ್ನಿಗೆ ಬರುತ್ತದೆ. ಬೀಟ ಹರ್ಮೆಲಿನ್ ಮತ್ತು ನೀಲ್ ಓ'ಕಾನರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಅರ್ಥವಿಲ್ಲದೆ ಜೋಡಿಸಿದ ಪದಗಳನ್ನು ನೆನಪಿಡುವುದಕ್ಕಿಂತ ಅರ್ಥವಿರುವ ವಾಕ್ಯವನ್ನು ನೆನಪಿಡುವುದು ಯಾರಿಗಾದರೂ ಸುಲಭ ತಾನೇ? ಆಟಿಸಂ ಇದ್ದ ಮಕ್ಕಳಿಗೆ ಅರ್ಥದಿಂದ ಸಿಗುವ ಈ ಲಾಭ ಉಳಿದ ಮಕ್ಕಳಿಗಿಂತ ಕಡಿಮೆಯಿತ್ತು. ಪದಗಳು ತಲೆಯಲ್ಲಿ ನಿಲ್ಲುತ್ತಿದ್ದವು, ಅವನ್ನು ಒಂದಕ್ಕೊಂದು ಕಟ್ಟುವ ದಾರ ಸಡಿಲವಾಗಿತ್ತು.

1976ರಲ್ಲಿ ಜಿಲ್ ಬೌಚರ್ ಮತ್ತು ಎಲಿಜಬೆತ್ ವಾರಿಂಗ್ಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪದಗಳನ್ನು ತೋರಿಸಿ "ಏನೇನಿತ್ತು ಹೇಳು" ಅಂತ ಬರೀ ಬಾಯಲ್ಲಿ ಕೇಳಿದರೆ ಆಟಿಸಂ ಇದ್ದ ಮಕ್ಕಳು ಹಿಂದೆ ಬೀಳುತ್ತಿದ್ದರು. ಒಂದು ಸುಳಿವು ಕೊಟ್ಟರೆ ಮಾತ್ರ ಉಳಿದವರಂತೆಯೇ ಹೇಳುತ್ತಿದ್ದರು! ಸ್ವಲ್ಪ ಹೊತ್ತಿನ ಹಿಂದೆ ತಾವೇ ಮಾಡಿದ ಕೆಲಸಗಳನ್ನೂ ಈ ಮಕ್ಕಳು ಕಡಿಮೆ ನೆನೆಸಿಕೊಳ್ಳುತ್ತಾರೆ ಅಂತ ಬೌಚರ್ 1981ರಲ್ಲಿ ತೋರಿಸಿದರು. ಅಂದರೆ ಗೋದಾಮಿನಲ್ಲಿ ಸಾಮಾನು ಇದೆ, ಬಾಗಿಲು ತೆಗೆಯುವುದೇ ಕಷ್ಟ.

ಇಷ್ಟು ಹೊತ್ತಿಗೆ ಇದು ಎಲ್ಲರಿಗೂ ತಿಳಿಯಬೇಕಿತ್ತು. ಆದರೆ 1988ರಲ್ಲಿ 'ರೇನ್ ಮ್ಯಾನ್' ಸಿನಿಮಾ ಬಂತು. ಡಸ್ಟಿನ್ ಹಾಫ್‌ಮನ್ ಕೆಳಗೆ ಬಿದ್ದ ಕಡ್ಡಿಗಳನ್ನು ನೋಡಿದ ತಕ್ಷಣ ಎಣಿಸಿದರು, ನಾಲ್ಕು ಆಸ್ಕರ್ ಬಂತು, ಆಟಿಸಂ ಅಂದರೆ ಅದ್ಭುತ ನೆನಪು ಅಂತ ಜಗತ್ತು ತೀರ್ಮಾನಿಸಿಬಿಟ್ಟಿತು. ತಮಾಷೆ ಅಂದರೆ, ಆ ಪಾತ್ರಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್ ಅವರ ಮೆದುಳಿನ ರಚನೆಯೇ ಹುಟ್ಟಿನಿಂದ ಬೇರೆಯಾಗಿತ್ತು. ಅವರಿಗಿದ್ದದ್ದು ಆಟಿಸಂ ಅಲ್ಲ ಎಂಬುದು ನಂತರ ಬಂದ ತಜ್ಞರ ಅಭಿಪ್ರಾಯ.

ದೊಡ್ಡವರ ಕಡೆ ಗಮನ ತಿರುಗಿದ್ದು ಇನ್ನೂ ತಡವಾಗಿ. ಎಂಡೆಲ್ ಟಲ್ವಿಂಗ್ ಎಂಬ ವಿಜ್ಞಾನಿ 1972ರಲ್ಲೇ ನೆನಪನ್ನು ಎರಡಾಗಿ ವಿಂಗಡಿಸಿದ್ದರು: ವಿಷಯದ ನೆನಪು ಒಂದು, ಘಟನೆಯ ನೆನಪು ಇನ್ನೊಂದು. ಸ್ಕೂಟರಿನ ನಂಬರು ಮೊದಲನೆಯದು, ಸ್ಕೂಟರಿನ ಮೇಲೆ ಹೋದ ಒಂದು ಸಂಜೆ ಎರಡನೆಯದು. ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದ ಡರ್ಮಟ್ ಬೌಲರ್ ಮತ್ತು ಜೊತೆಗಾರರು 2000ದಲ್ಲಿ ಇದನ್ನು ಆಸ್ಪರ್ಗರ್ ಎಂದು ಗುರುತಿಸಲಾಗಿದ್ದ ವಯಸ್ಕರಲ್ಲಿ ಪರೀಕ್ಷಿಸಿದರು. ಮೊದಲು ತೋರಿಸಿದ ಪದವನ್ನು ಇವರೂ ಗುರುತಿಸುತ್ತಿದ್ದರು. ಆದರೆ "ನೋಡಿದ ಕ್ಷಣ ನೆನಪಿದೆ" ಅನ್ನುವುದು ಕಡಿಮೆ, "ಗೊತ್ತು ಅಷ್ಟೇ" ಅನ್ನುವುದು ಹೆಚ್ಚು. 2008ರಲ್ಲಿ ಲಾರಾ ಕ್ರೇನ್ ಮತ್ತು ಲೋರ್ನಾ ಗೊಡಾರ್ಡ್ ಸ್ವಂತ ಬದುಕಿನ ನೆನಪುಗಳಲ್ಲೂ ಇದನ್ನೇ ಕಂಡರು. ಬದುಕಿನ ವಿವರಗಳು ಸರಿಯಾಗಿದ್ದವು, ನಿರ್ದಿಷ್ಟ ಘಟನೆಗಳನ್ನು ಹೇಳುವುದು ಕಷ್ಟವಾಗುತ್ತಿತ್ತು. ಇದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ನಿದ್ದೆ ಮಾಡಲಿಲ್ಲ. ನಮ್ಮ ಹಜಾರದಲ್ಲಿ ನಡೆದದ್ದು ಇದೇ ಅಲ್ಲವೇ?

ಬೌಲರ್ ಇದಕ್ಕೆ ಕೊಟ್ಟ ವಿವರಣೆ ಸರಳ. ಪ್ರಶ್ನೆಯಲ್ಲೇ ಆಸರೆ ಇದ್ದರೆ ಆಟಿಸಂ ಇದ್ದವರ ನೆನಪು ಚೆನ್ನಾಗಿ ಕೆಲಸ ಮಾಡುತ್ತದೆ, ಆಸರೆ ತೆಗೆದರೆ ಎಡವುತ್ತದೆ. ಕೇಟಿ ಮಾರಾಸ್ ಅವರು ಬೌಲರ್ ಜೊತೆ ಮಾಡಿದ ಎರಡು ಅಧ್ಯಯನಗಳು ನನಗೆ ಬಹಳ ಇಷ್ಟವಾದವು. ಸಾಕ್ಷಿಗಳನ್ನು ಪೊಲೀಸರು ವಿಚಾರಿಸುವಾಗ "ಆ ಜಾಗವನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಿ" ಎನ್ನುವ ಒಂದು ವಿಧಾನವಿದೆ. 2010ರ ಅಧ್ಯಯನದ ಪ್ರಕಾರ ಆಟಿಸಂ ಇದ್ದ ವಯಸ್ಕರಿಗೆ ಅದು ಉಪಯೋಗಕ್ಕೆ ಬರಲಿಲ್ಲ, ತಪ್ಪುಗಳು ಹೆಚ್ಚಾದವು. 2012ರಲ್ಲಿ ಅವರು ಜನರನ್ನು ಅದೇ ಕೋಣೆಗೆ ನಿಜವಾಗಿ ಕರೆದುಕೊಂಡು ಹೋಗಿ ಕೇಳಿದರು. ಆಗ ಉಳಿದವರಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. ಪೊಲೀಸ್ ಠಾಣೆ, ಕೆಲಸದ ಸಂದರ್ಶನ, ಡಾಕ್ಟರ ಕೋಣೆ, ಈ ಮೂರೂ ಕಡೆ ಪ್ರಶ್ನೆಯನ್ನು ಬಿಡಿಸಿ ಕೇಳಿದರೆ ಅನುಕೂಲ ಅಂತ 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವೂ ಹೇಳುತ್ತದೆ.

ಇವೆಲ್ಲ ಗುಂಪಿನ ಸರಾಸರಿ ಮಾತು. ಆಟಿಸಂ ಇದ್ದವರೆಲ್ಲ ಒಂದೇ ಥರ ಇರುವುದಿಲ್ಲ. ನನ್ನ ಮಟ್ಟಿಗೆ ಈ ಚರಿತ್ರೆಯಿಂದ ಕಲಿತದ್ದು ಇಷ್ಟು. ಡಾಕ್ಟರ ಹತ್ತಿರ ಹೋಗುವ ಮುಂಚೆ ಯಾವ ದಿನ ಏನು ನೋವಿತ್ತು ಅಂತ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. "ಕಷ್ಟದ ಸಂದರ್ಭವನ್ನು ನಿಭಾಯಿಸಿದ ಉದಾಹರಣೆ ಕೊಡಿ" ಅಂತ ಸಂದರ್ಶನದಲ್ಲಿ ಕೇಳಿದಾಗ ತೊದಲಿ ಎರಡು ಕೆಲಸ ಕಳೆದುಕೊಂಡಿದ್ದೇನೆ, ಈಗ ಪ್ರಶ್ನೆಗಳನ್ನು ಮೊದಲೇ ಕಳಿಸಿ ಅಂತ ಸಂಕೋಚವಿಲ್ಲದೆ ಕೇಳುತ್ತೇನೆ. ದಿನಕ್ಕೊಂದು ಫೋಟೋ ತೆಗೆದು ಕೆಳಗೆ ಒಂದು ಸಾಲು ಬರೆಯುತ್ತೇನೆ. ಮನೆಯಲ್ಲೂ ಹೇಳಿಟ್ಟಿದ್ದೇನೆ. "ಇವತ್ತು ಹೇಗಿತ್ತು?" ಅಂದರೆ "ಏನಿಲ್ಲ" ಅನ್ನುವುದು ಬಿಟ್ಟರೆ ನನಗೆ ಬೇರೆ ಬರುವುದಿಲ್ಲ. "ಮಧ್ಯಾಹ್ನ ಊಟಕ್ಕೆ ಯಾರ ಪಕ್ಕ ಕೂತಿದ್ರಿ?" ಅಂದರೆ ಮಾತು ನಿಲ್ಲುವುದಿಲ್ಲ!

ಅಪ್ಪನ ವರ್ಷಾಬ್ದಿಕಕ್ಕೆ ಊರಿಗೆ ಎರಡು ದಿನ ಮೊದಲೇ ಹೋದೆ. ಲಂಡನ್ನಿನವರ ಆ ಕೋಣೆ ತಲೆಯಲ್ಲಿತ್ತು. ಹಿತ್ತಲಿನ ಶೆಡ್ಡಿನಲ್ಲಿ ಚೇತಕ್ ಈಗಲೂ ನಿಂತಿದೆ. ಅದರ ಡಿಕ್ಕಿ ತೆಗೆದೆ. ಸ್ಪ್ಯಾನರ್, ಎಣ್ಣೆ ಮೆತ್ತಿದ ಬಟ್ಟೆ, ಒಂದು ತುಂಡು ಉಪ್ಪುಕಾಗದ. ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತೆ. ಮಳೆ, ರಸ್ತೆ ಬದಿಯ ಹುಣಸೆಮರ, ಕೆಟ್ಟು ನಿಂತ ಸ್ಕೂಟರ್ ಎಲ್ಲ ಬಂತು. ಅಪ್ಪ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದಾರೆ. ಮಳೆ ಬೀಳದಂತೆ ನಾನು ನನ್ನ ಸ್ಕೂಲ್ ಬ್ಯಾಗನ್ನು ಮೇಲೆ ಹಿಡಿದಿದ್ದೇನೆ. ಸ್ಟಾರ್ಟ್ ಆದಾಗ ಅವರು ನನ್ನ ಕಡೆ ತಿರುಗಿ, "ನೀನಿಲ್ದಿದ್ರೆ ಆಗ್ತಿರ್ಲಿಲ್ಲ ಕಣೋ" ಅಂದರು.

ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ, "ಅತ್ತೆ ನಾಳೆ ಬರ್ತಾರೆ, ಅವರಿಗೂ ಹೇಳು" ಅಂದಳು.

ಹೇಳಿದೆ.

ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದರೆ, "ನಿನಗೆ ನೆನಪೇ ಇಲ್ವಾ" ಅಂತ ಬೈಯುವ ಮುಂಚೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ನೋಡಿ. ಸಾಧ್ಯವಾದರೆ ಆ ಜಾಗಕ್ಕೇ ಕರೆದುಕೊಂಡು ಹೋಗಿ.