ಮುಳ್ಳು ನಟ್ಟ ಕಡೆ

ಕಾಲಿಗೆ ಮುಳ್ಳು ನಟ್ಟ ಅನುಭವ ನಿಮಗೆಲ್ಲರಿಗೂ ಉಂಟು. ಸಂಜೆ ನಟ್ಟ ಮುಳ್ಳಿನ ಮುರುಕು ಒಳಗೇ ಉಳಿದರೆ, ಬೆಳಗಾಗುವುದರೊಳಗೆ ಆ ಜಾಗ ಕೆಂಪೇರುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕೆಲ್ಸಸ್ ಎಂಬ ಗ್ರಂಥಕರ್ತನು ಈ ನಾಲ್ಕು ಲಕ್ಷಣಗಳನ್ನೇ ಬರೆದಿಟ್ಟನು. ನಮ್ಮ ‘ಉರಿಯೂತ’ ಎಂಬ ಮಾತನ್ನು ಬಿಡಿಸಿ ನೋಡಿ. ನಾಲ್ಕರಲ್ಲಿ ಎರಡು, ಉರಿಯೂ ಊತವೂ, ಒಂದೇ ಸಮಾಸದಲ್ಲಿ ಅಡಗಿವೆ. ಕನ್ನಡ ಪಾಠ ಹೇಳುವವನಿಗೆ ಇಂಥದು ಕಂಡರೆ ಸುಮ್ಮನಿರಲಾಗದು, ಮನ್ನಿಸಬೇಕು.

ಆದರೆ ಈ ಊತ ಯಾರ ಕೆಲಸ? ರೋಗದ್ದೊ, ರೋಗವನ್ನು ತಡೆಯುವ ದೇಹದ್ದೊ? ಹತ್ತೊಂಬತ್ತನೆಯ ಶತಮಾನದ ಅನೇಕ ವೈದ್ಯರು ಅದನ್ನು ಬರಿಯ ಕೇಡೆಂದೇ ಎಣಿಸಿದ್ದರು. ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿಯ ರಕ್ತಕಣಗಳೊಳಗೆ ರೋಗಾಣುಗಳು ಕಾಣುತ್ತಿದ್ದುವು. ಈ ಕಣಗಳೇ ರೋಗಾಣುಗಳನ್ನು ಹೊತ್ತು ಮೈಯೆಲ್ಲ ಹರಡುತ್ತವೆಂದು ಅವರು ತಿಳಿದರು. ಕಳ್ಳನನ್ನು ಹಿಡಿದು ನಿಂತ ತಳವಾರನನ್ನೇ ಕಳ್ಳನ ಜೊತೆಗಾರನೆಂದಂತಾಯಿತು!

ಈ ತಪ್ಪನ್ನು ತೋರಿಸಿಕೊಟ್ಟವನು ವೈದ್ಯನಲ್ಲ, ಪ್ರಾಣಿಶಾಸ್ತ್ರಜ್ಞ. ರಷ್ಯಾ ದೇಶದ ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಒಡೆಸ್ಸಾ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣದಲ್ಲಿ ಬಂದಿಳಿದಿದ್ದನು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನ ಕೋತಿಗಳನ್ನು ನೋಡಲು ಹೋದರು. ಇವನೊಬ್ಬನೇ ಉಳಿದು ನಕ್ಷತ್ರಮೀನಿನ ಮರಿಹುಳುಗಳನ್ನು ಪರೀಕ್ಷಿಸುತ್ತ ಕುಳಿತನು. ಗಾಜಿನಂತೆ ಪಾರದರ್ಶಕವಾದ ಅವುಗಳ ಮೈಯೊಳಗೆ ಕೆಲವು ಕಣಗಳು ತಾವಾಗಿ ಓಡಾಡುತ್ತಿದ್ದುವು. ಇವು ದೇಹದ ಕಾವಲಿನವಾಗಿದ್ದರೆ, ಮುಳ್ಳು ಚುಚ್ಚಿದ ಕಡೆಗೆ ಧಾವಿಸಬೇಕಲ್ಲವೆ ಎಂದು ಅವನಿಗೆ ಹೊಳೆಯಿತು. ತೋಟದಿಂದ ಗುಲಾಬಿ ಮುಳ್ಳುಗಳನ್ನು ತಂದು ಮರಿಗಳ ಮೈಯಲ್ಲಿ ಚುಚ್ಚಿದನು. ಆ ರಾತ್ರಿ ಅವನಿಗೆ ನಿದ್ರೆ ಬರಲಿಲ್ಲ. ಬೆಳಗಿನ ಜಾವ ಎದ್ದು ನೋಡುತ್ತಾನೆ, ಕಣಗಳು ಮುಳ್ಳನ್ನು ಮುತ್ತಿಕೊಂಡಿವೆ!

ಆ ಮರಿಗೆ ರಕ್ತನಾಳಗಳೇ ಇಲ್ಲ. ಆದ್ದರಿಂದ ಕೆಂಪೂ ಬಿಸಿಯೂ ಇಲ್ಲದೆ, ಬರಿಯ ಮುತ್ತಿಗೆಯಷ್ಟೇ ಅಲ್ಲಿ ಕಂಡಿತು. ನಮ್ಮಲ್ಲಾದರೆ ಗಾಯದ ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಅದರಿಂದ ಕೆಂಪು, ಬಿಸಿ. ಅವುಗಳ ಗೋಡೆಯಿಂದ ರಸ ಜಿನುಗುತ್ತದೆ, ಅದರಿಂದ ಊತ. ಬಿಳಿಯ ಕಣಗಳು ಅದೇ ಗೋಡೆಯ ಸಂದಿನಲ್ಲಿ ನುಸುಳಿ ಹೊರಬಂದು ರೋಗಾಣುಗಳನ್ನು ನುಂಗುತ್ತವೆ. ಕೀವಿನಲ್ಲಿ ಬಹುಪಾಲು ಹೀಗೆ ಹೋರಾಡಿ ಸತ್ತ ಕಣಗಳೇ. ಹಾಗೆಂದು ಹಳೆಯ ವೈದ್ಯರು ಪೂರ್ತಿ ತಪ್ಪಿದ್ದರೆನ್ನುವಂತಿಲ್ಲ. ಇದೇ ಉರಿಯೂತ ಮಿತಿಮೀರಿ, ಮುಳ್ಳೂ ರೋಗಾಣುವೂ ಇಲ್ಲದ ಕೀಲುಗಳನ್ನು ಕೆಡಿಸುವುದೂ ಉಂಟು.

ಜರ್ಮನಿಯ ಪಂಡಿತರು ಮೆಚ್ನಿಕಾಫನ ಮಾತನ್ನು ಸುಲಭವಾಗಿ ಒಪ್ಪಲಿಲ್ಲ. ಅವರ ಕೈಯಲ್ಲೂ ಬಲವಾದ ಸಾಕ್ಷ್ಯವಿತ್ತು, ಅದೂ ಮುಳ್ಳಿಗೆ ಸಂಬಂಧಪಟ್ಟುದೇ. ಮುಳ್ಳಿನ ಗಾಯದಲ್ಲಿ ಧನುರ್ವಾಯುವಿನ ರೋಗಾಣು ಹೊಕ್ಕರೆ ಅದು ಗಾಯದಲ್ಲೇ ನಿಲ್ಲುತ್ತದೆ. ಅದರ ವಿಷ ಮಾತ್ರ ದೇಹವನ್ನು ಸೇರಿ ಬಿಲ್ಲಿನಂತೆ ಬಗ್ಗಿಸುತ್ತದೆ. 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗನೂ ಜಪಾನಿನ ಕಿಟಸಾಟೋವೂ ಈ ವಿಷಕ್ಕೆ ಪಳಗಿಸಿದ ಮೊಲದ ರಕ್ತದಿಂದ ಕಣಗಳನ್ನು ಬೇರ್ಪಡಿಸಿ, ಉಳಿದ ತಿಳಿಯನ್ನು ಇಲಿಗಳಿಗೆ ಚುಚ್ಚಿದರು. ಆ ಇಲಿಗಳಿಗೆ ವಿಷ ತಾಗಲಿಲ್ಲ. ಕಣವೇ ಇಲ್ಲದ ಕಡೆ ಕಣವು ಕಾವಲೆಂಬುದು ಹೇಗೆ? (ಮುಳ್ಳು ನಟ್ಟವರಿಗೆ ವೈದ್ಯರು ಇಂದಿಗೂ ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರ ಕೇಳುವುದು ಸುಮ್ಮನಲ್ಲ.)

ಹೀಗೆ ಕಣದ ಪಕ್ಷ, ರಸದ ಪಕ್ಷ ಎಂದು ಎರಡಾಗಿ ವಾದ ವರ್ಷಗಟ್ಟಲೆ ನಡೆಯಿತು. 1903ರಲ್ಲಿ ಲಂಡನ್ನಿನ ಆಲ್ಮ್‌ರಾತ್ ರೈಟನೂ ಡಗ್ಲಾಸನೂ ತೋರಿಸಿದ ಸಂಗತಿ ಸ್ವಾರಸ್ಯವಾದುದು: ರಕ್ತದ ತಿಳಿಯಲ್ಲಿರುವ ಕೆಲವು ವಸ್ತುಗಳು ರೋಗಾಣುವಿಗೆ ಅಂಟಿಕೊಂಡಾಗ ಬಿಳಿಯ ಕಣಗಳು ಅದನ್ನು ಇನ್ನೂ ಚೆನ್ನಾಗಿ ನುಂಗುತ್ತವೆ. ರಸವು ಅಡುಗೆ ಮಾಡಿ ಬಡಿಸಿದರೆ ಕಣವು ಉಣ್ಣುತ್ತದೆ ಎನ್ನಬಹುದು. 1908ರ ವೈದ್ಯಶಾಸ್ತ್ರದ ನೊಬೆಲ್ ಬಹುಮಾನವನ್ನು ಇಬ್ಬರು ಹಂಚಿಕೊಂಡರು: ಒಬ್ಬನು ಮೆಚ್ನಿಕಾಫ್, ಇನ್ನೊಬ್ಬನು ರಸದ ಪಕ್ಷದ ಪೌಲ್ ಎರ್ಲಿಕ್.