ಕಟ್ಟಿ ಪಾಸಾದವರ ಸೀಮೆ

ದೇವಣಗಾಂವದ ಬಳಿ ಭೀಮೆ ದಾಟಿದರೆ ಅಫಜಲಪುರ ಸೀಮೆ. ಈಗ ಅದು ವಿಜಯಪುರ ಜಿಲ್ಲೆಯಿಂದ ಕಲಬುರಗಿ ಜಿಲ್ಲೆಗೆ ಹೋಗುವ ಸೇತುವೆಯ ದಾರಿ ಅಷ್ಟೆ. 1948ರ ಸೆಪ್ಟೆಂಬರ್‌ವರೆಗೆ ಇದೇ ಹೊಳೆ ನಿಜಾಮನ ಆಳ್ವಿಕೆಯ ಗಡಿಯಾಗಿತ್ತು. ಈ ದಂಡೆಯ ಸಿಂದಗಿ, ಇಂಡಿ ತಾಲ್ಲೂಕುಗಳು ಮುಂಬಯಿ ಸರಕಾರದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಆ ದಂಡೆ ನಿಜಾಮನ ಹೈದರಾಬಾದ್ ಸಂಸ್ಥಾನ. ಎರಡೂ ಕಡೆ ಆಡುತ್ತಿದ್ದದ್ದು ಒಂದೇ ಕನ್ನಡ, ಎರಡೂ ಕಡೆ ಬೆಳೆಯುತ್ತಿದ್ದದ್ದು ಅದೇ ಬಿಳಿಜೋಳ. ಆದರೆ ಓದಿನ ದಾರಿ ಮಾತ್ರ ಬೇರೆ ಬೇರೆ. ಆ ದಂಡೆಯಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ಪಾಠ ಹೇಳಿ ಉರ್ದುವಿನಲ್ಲೇ ಪದವಿ ಕೊಡುತ್ತಿತ್ತು. ಈ ದಂಡೆಯ ಒಕ್ಕಲಿಗನ ಮಗ ತನ್ನ ಕನ್ನಡದಲ್ಲೇ ಬರೆದು ಪಾಸಾಗಿ, ಸರಕಾರ ಒಪ್ಪುವ ಒಂದು ಕಾಗದವನ್ನು ಮನೆಗೆ ತರಬಹುದಿತ್ತು. ಅದೇ ಮುಲ್ಕಿ ಪರೀಕ್ಷೆ.

ಅಂದಿನ ಲೆಕ್ಕದಲ್ಲಿ ಕನ್ನಡ ಸಾಲಿಯ ಏಳನೆಯ ಇಯತ್ತೆಯ ಕೊನೆಗೆ ಬರುವ ಸರಕಾರಿ ಪರೀಕ್ಷೆ ಇದು. ಇಂಗ್ಲಿಷಿನ ಕಡತಗಳಲ್ಲಿ ಅದರ ಹೆಸರು ವರ್ನಾಕ್ಯುಲರ್ ಫೈನಲ್. ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಆ ಹೆಸರು ಯಾರ ಬಾಯಿಗೂ ಬರಲಿಲ್ಲ. ‘ಅಂವ ಮುಲ್ಕಿ ಆಗ್ಯಾನ’ ಎಂದರೆ ಸಾಕಿತ್ತು, ಕೇಳಿದವರ ದನಿಯಲ್ಲಿ ಮರ್ಯಾದೆ ಬರುತ್ತಿತ್ತು. ಕನ್ನಡ ಸಾಲಿಯ ಮಾಸ್ತರಿಕೆ, ತಲಾಟಿಯ ಕೆಲಸ, ಕಚೇರಿಯ ಸಣ್ಣ ಕಾರಕೂನಿಕೆ ಎಲ್ಲಕ್ಕೂ ಆ ಒಂದು ಕಾಗದ ಬೇಕಿತ್ತು. ಇಪ್ಪತ್ತು ಹಳ್ಳಿಗಳ ನಡುವೆ ಮುಲ್ಕಿ ಆದವರು ಬೆರಳೆಣಿಕೆಯಷ್ಟು ಇದ್ದ ಕಾಲದಲ್ಲಿ ಊರಿನ ಕಾಗದಪತ್ರ, ಖರೀದಿಖತ, ಮುಂಬಯಿಯಿಂದ ಬಂದ ಪತ್ರ ಎಲ್ಲವೂ ಅವರ ಕಟ್ಟೆಗೇ ಬರುತ್ತಿದ್ದವು.

ಪರೀಕ್ಷೆಗೆಂದು ಹುಡುಗರು ರೊಟ್ಟಿಗಂಟು, ಶೇಂಗಾ ಹಿಂಡಿ ಕಟ್ಟಿಕೊಂಡು ಕೇಂದ್ರದ ಊರಿಗೆ ಹೋಗುತ್ತಿದ್ದರು. ಗುರುತಿನವರ ಮನೆಯ ಪಡಸಾಲೆಯೋ ಗುಡಿಯೋ ಮಠವೋ ಅವರ ವಸತಿ. ಸಾಲಿಯ ಮಾಸ್ತರರು ಜೊತೆಗೆ ಬಂದು, ರಾತ್ರಿ ಕಂದೀಲಿನ ಬೆಳಕಿನಲ್ಲಿ ಬಡ್ಡಿಯ ಲೆಕ್ಕ, ಭೂಗೋಳದ ನಕಾಶೆ ತಿದ್ದಿಸುವುದೂ ಇತ್ತು. ಈ ಪರೀಕ್ಷೆಯ ಗಣಿತಕ್ಕೆ ಹೆದರದವರಿಲ್ಲ. ನಪಾಸಾದವರು ಮರುವರ್ಷ ಮತ್ತೆ ಕಟ್ಟುತ್ತಿದ್ದರು. ಫೀಜು ತುಂಬುವುದಕ್ಕೂ, ಹೆಸರು ನೋಂದಾಯಿಸುವುದಕ್ಕೂ, ಬರೆಯುವುದಕ್ಕೂ ಸೇರಿ ಇಲ್ಲಿ ಇಂದಿಗೂ ಬಳಕೆಯಲ್ಲಿರುವ ಮಾತು ಒಂದೇ: ಪರೀಕ್ಷೆ ಕಟ್ಟುವುದು.

ಮುಲ್ಕಿಯ ಕಾಗದ ಎಂಥವರ ಕೈಯಲ್ಲಿ ಇತ್ತು ಎಂಬುದಕ್ಕೆ ದೂರ ಹುಡುಕಬೇಕಿಲ್ಲ. ಇದೇ ಭೀಮಾತೀರದ ಇಂಡಿ ಸೀಮೆಯಲ್ಲಿ ಹಲಸಂಗಿ ಇದೆ. ಆ ಹಲಸಂಗಿಯವರಾದ, 1903ರಲ್ಲಿ ಹುಟ್ಟಿದ ಚನ್ನಮಲ್ಲಪ್ಪ ಗಲಗಲಿ ಮುಲ್ಕಿ ಮುಗಿಸಿದರು. ಅವರ ಶಾಲೆಯ ಓದು ಅಲ್ಲಿಗೆ ನಿಂತಿತು. ಮುಂದಿನದೆಲ್ಲ ಸ್ವಂತ ಓದು. ಇಂಗ್ಲಿಷನ್ನು ತಾವೇ ಕಲಿತರು, ಅರವಿಂದರನ್ನು ಓದಿದರು, ಕನ್ನಡಕ್ಕೆ ಮಧುರಚೆನ್ನರಾದರು. ಅವರ ಗೆಳೆಯ ಸಿಂಪಿ ಲಿಂಗಣ್ಣ ಹತ್ತಿರದ ಚಡಚಣದವರು, ಹುಟ್ಟಿದ್ದು 1905ರಲ್ಲಿ, ದುಡಿದದ್ದು ಕನ್ನಡ ಸಾಲಿಯ ಮಾಸ್ತರರಾಗಿ. ಕಾಪಸೆ ರೇವಪ್ಪನವರನ್ನೂ ಕೂಡಿಸಿಕೊಂಡು ಈ ಗೆಳೆಯರು ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬದಿಯಲ್ಲಿ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ ಅದು ‘ಗರತಿಯ ಹಾಡು’ ಎಂಬ ಪುಸ್ತಕವಾಯಿತು. ಕನ್ನಡ ಜಾನಪದದ ಪಾಠವನ್ನು ಯಾವ ವಿಶ್ವವಿದ್ಯಾಲಯದಲ್ಲಿ ಹೇಳಿದರೂ ಆ ಪುಸ್ತಕದ ಹೆಸರು ಎತ್ತದೆ ಮುಂದೆ ಹೋಗಲಾಗದು. ಅದನ್ನು ಕಟ್ಟಿಕೊಟ್ಟವರು ಕಾಲೇಜಿನ ಪಂಡಿತರಲ್ಲ. ಸಿಂಪಿ ಲಿಂಗಣ್ಣನವರು ಮುಂದೆ ಕೊಪ್ಪಳದಲ್ಲಿ ನಡೆದ 62ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು.

ಹಾಗಾದರೆ ಇಂಥವರು ಕಾಲೇಜಿಗೆ ಯಾಕೆ ಹೋಗಲಿಲ್ಲ? ಬಡತನ ಒಂದು ಕಾರಣ. ಅದರಷ್ಟೇ ದೊಡ್ಡ ಇನ್ನೊಂದು ಕಾರಣ ವ್ಯವಸ್ಥೆಯಲ್ಲೇ ಇತ್ತು. ಕನ್ನಡ ನಾಲ್ಕನೆಯ ಇಯತ್ತೆ ಮುಗಿದಲ್ಲಿ ದಾರಿ ಎರಡಾಗಿ ಒಡೆಯುತ್ತಿತ್ತು. ಉಳ್ಳವರ ಮಕ್ಕಳು ಅಲ್ಲಿಂದಲೇ ಇಂಗ್ಲಿಷ್ ಸಾಲಿಗೆ ಹೋಗಿ ಮ್ಯಾಟ್ರಿಕ್ ಕಡೆಗೆ ಏರುತ್ತಿದ್ದರು. ಉಳಿದವರು ಕನ್ನಡ ಸಾಲಿಯಲ್ಲೇ ಮುಂದುವರಿದು ಮುಲ್ಕಿಗೆ ಬರುತ್ತಿದ್ದರು. ಮುಲ್ಕಿ ಆದ ಹುಡುಗನಿಗೆ ಕಾಲೇಜಿನ ಆಸೆ ಹುಟ್ಟಿದರೆ ಮತ್ತೆ ಕೆಳಗಿನ ಇಂಗ್ಲಿಷ್ ಇಯತ್ತೆಯಲ್ಲಿ ತನಗಿಂತ ಸಣ್ಣವರ ಪಕ್ಕ ಕೂರಬೇಕಿತ್ತು. ಅವನು ಕಲಿತ ಗಣಿತ, ಭೂಗೋಳ, ಇತಿಹಾಸ ಯಾವುದೂ ಜಮೆಗೆ ಬರುತ್ತಿರಲಿಲ್ಲ. ನೌಕರಿಗೆ ಸಲ್ಲುವ ಕಾಗದ ಕಾಲೇಜಿನ ಬಾಗಿಲಲ್ಲಿ ಸಲ್ಲಲಿಲ್ಲ. ಈ ಸೀಮೆಯ ಎಷ್ಟು ತಲೆಮಾರುಗಳ ಜಾಣರು ಇದೊಂದೇ ಕಾರಣಕ್ಕೆ ಏಳನೆಯ ಇಯತ್ತೆಗೆ ನಿಂತುಹೋದರು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಕಾಲೇಜಾದರೂ ಹತ್ತಿರವಿತ್ತೇ? ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಧಾರವಾಡದ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ವಿಜಯಪುರದಲ್ಲಿ ವಿಜಯ ಕಾಲೇಜು ತೆರೆದದ್ದು 1945ರಲ್ಲಿ. ಅದನ್ನು ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ 1910ರಷ್ಟು ಹಿಂದಿನದು, ವಚನಗಳನ್ನು ಸಂಪಾದಿಸಿದ ಫ.ಗು. ಹಳಕಟ್ಟಿಯವರ ದುಡಿಮೆಯ ಫಲ. ಅಲ್ಲಿಯತನಕ ಭೀಮಾತೀರದವರಿಗೆ ಪದವಿ ಎಂದರೆ ಧಾರವಾಡ, ಸೋಲಾಪುರ, ಪುಣೆಯ ಖರ್ಚು.

ಕಾಲೇಜಿಗೆ ಹೋಗದೆ ಪರೀಕ್ಷೆಯನ್ನಷ್ಟೇ ಕಟ್ಟಿ ಪದವಿ ಪಡೆಯಬಹುದಿತ್ತೇ? ಮುಂಬಯಿ, ಕಲಕತ್ತೆ, ಮದರಾಸು ವಿಶ್ವವಿದ್ಯಾಲಯಗಳನ್ನು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಕಟ್ಟಲಾಗಿತ್ತು. ಪಾಠ ಹೇಳುವುದು ಕಾಲೇಜುಗಳ ಕೆಲಸ. ವಿಶ್ವವಿದ್ಯಾಲಯದ ಕೆಲಸ ಪರೀಕ್ಷೆ ನಡೆಸಿ ಪದವಿ ಕೊಡುವುದು. ಲಂಡನ್ 1858ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಎಲ್ಲಿ ಓದಿದಿರಿ, ಯಾರ ಹತ್ತಿರ ಓದಿದಿರಿ ಎಂದು ಕೇಳದೆ ಪರೀಕ್ಷೆ ಬರೆದು ಗೆದ್ದವರಿಗೆ ಪದವಿ ಕೊಡತೊಡಗಿತು. ಆ ಔದಾರ್ಯ ಮುಂಬಯಿಗೆ ಬರಲಿಲ್ಲ. ಇಲ್ಲಿ ಬಿ.ಎ. ಪರೀಕ್ಷೆಗೆ ಕೂರಲು ಮಾನ್ಯತೆ ಪಡೆದ ಕಾಲೇಜಿನಲ್ಲಿ ಟರ್ಮ್ ತುಂಬಬೇಕಿತ್ತು. ಪರೀಕ್ಷೆಯ ಫೀಜಿಗಿಂತ ಟರ್ಮಿನ ಫೀಜು, ಊರು ಬಿಟ್ಟಿರುವ ಖರ್ಚು, ಆ ವರ್ಷಗಳಲ್ಲಿ ಹೊಲದಲ್ಲಿ ಕಳೆದುಹೋಗುವ ಎರಡು ಕೈ, ಇವೇ ಭಾರವಾದವು.

ಈ ಗೋಡೆಯಲ್ಲಿ ಕಿಂಡಿ ತೆರೆದದ್ದು ನಿಧಾನವಾಗಿ. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದಲ್ಲಿ ನೆಲೆ ನಿಂತ ಮೇಲೆ, ನೌಕರಿಯಲ್ಲಿದ್ದುಕೊಂಡೇ ಬಾಹ್ಯ ಪರೀಕ್ಷೆ ಕಟ್ಟಿ ಬಿ.ಎ., ಎಂ.ಎ. ಆದ ಮಾಸ್ತರರು ಉತ್ತರ ಕರ್ನಾಟಕದ ತುಂಬ ಸಿಗುತ್ತಾರೆ. ಹಗಲು ಸಾಲಿ, ರಾತ್ರಿ ಓದು, ಬೇಸಿಗೆ ಸೂಟಿಯಲ್ಲಿ ಧಾರವಾಡದ ಯಾರದೋ ಕೋಣೆಯಲ್ಲಿ ಮಲಗಿ ಪರೀಕ್ಷೆ. ಇನ್ನೊಂದು ಕಿಂಡಿ ಹಿಂದಿ. ಗಾಂಧೀಜಿಯ ಪ್ರೇರಣೆಯಿಂದ 1918ರಲ್ಲಿ ಮದರಾಸಿನಲ್ಲಿ ಹುಟ್ಟಿದ ಹಿಂದಿ ಪ್ರಚಾರ ಸಭೆ ಪ್ರಾಥಮಿಕದಿಂದ ಪ್ರವೀಣದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆ ನಡೆಸುತ್ತದೆ, ವರ್ಷಕ್ಕೆ ಎರಡು ಸಲ. ಕಾಲೇಜಿನ ಮುಖ ಕಾಣದ ಎಷ್ಟೋ ಹೆಣ್ಣುಮಕ್ಕಳು ಈ ಮೆಟ್ಟಿಲು ಹತ್ತಿ ಹಿಂದಿ ಟೀಚರ್ ಆದರು. ಅಲ್ಲಿಯೂ ಒಂದು ಮಿತಿ: ಸರಕಾರ ಆ ಪರೀಕ್ಷೆಗಳನ್ನು ಹಿಂದಿಯ ಮಟ್ಟಕ್ಕೆ ಮಾತ್ರ ಸಮ ಎಂದು ಒಪ್ಪಿತು, ಪೂರ್ತಿ ಪದವಿಗೆ ಸಮ ಎಂದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳೂ ಇದೇ ಬಳಗದವು.

1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ಮೂಲಕ ಪಾಠ ಕಳಿಸತೊಡಗಿತು. 1996ರಲ್ಲಿ ಅದರ ಆ ಅಂಚೆ ಶಿಕ್ಷಣದ ವಿಭಾಗವೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಹೊಲ, ಅಂಗಡಿ, ಕಂಡಕ್ಟರ್ ಕೆಲಸ ಬಿಡದೆ ಪದವಿ ಪಡೆಯುವ ದಾರಿ ಹಳ್ಳಿಗೆ ಬಂತು. ಆದರೆ 2015ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹೊರಡಿಸಿದ ಪ್ರಕಟಣೆ ಆ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲ ಎಂದು ಸಾರಿತು. ಪ್ರವೇಶ ಪಡೆದು, ಫೀಜು ತುಂಬಿ, ಪರೀಕ್ಷೆ ಬರೆದವರ ಕಾಗದಗಳು ನಡುನೀರಿನಲ್ಲಿ ನಿಂತವು. ಮಾನ್ಯತೆ ಮರಳಿದ್ದು 2018ರಲ್ಲಿ. ತಪ್ಪು ಆಡಳಿತದ್ದು, ನಿಯಮದ ಉಲ್ಲಂಘನೆ ಮೇಲಿನವರದ್ದು. ವರ್ಷಗಳನ್ನು ಕಳೆದುಕೊಂಡವರು ಮಾತ್ರ ದುಡಿಯುತ್ತ ಓದಿದವರು. ಮುಲ್ಕಿಯ ಕಾಲದ ಹಳೆಯ ಕಥೆಯೇ ಇಲ್ಲಿ ಮತ್ತೆ ನಡೆಯಿತು: ಕಲಿತದ್ದು ಇತ್ತು, ಒಪ್ಪುವವರು ಇರಲಿಲ್ಲ.

ಅಮೆರಿಕದಲ್ಲಿ ಈ ಒಪ್ಪಿಗೆಯನ್ನು ಮೊದಲೇ ಖಾತ್ರಿ ಮಾಡಿಕೊಳ್ಳುವ ಒಂದು ಪದ್ಧತಿ ಬೆಳೆದಿದೆ. ಅಲ್ಲಿನ ಕಾಲೇಜ್ ಬೋರ್ಡ್ 1967ರಿಂದ ಕ್ಲೆಪ್ ಎಂಬ ಪರೀಕ್ಷೆ ನಡೆಸುತ್ತಿದೆ. ಬೀಜಗಣಿತ, ಇತಿಹಾಸ, ಮನಶ್ಶಾಸ್ತ್ರದಂಥ ವಿಷಯಗಳಲ್ಲಿ ತೊಂಬತ್ತು ನಿಮಿಷದ ಒಂದು ಪರೀಕ್ಷೆ ಗೆದ್ದರೆ, ಅದನ್ನು ಒಪ್ಪುವ ಕಾಲೇಜು ಆ ವಿಷಯದ ಕ್ರೆಡಿಟ್ ಕೊಡುತ್ತದೆ. ಆ ಒಂದು ಕೋರ್ಸಿನ ಫೀಜು ಉಳಿಯುತ್ತದೆ. ಎಷ್ಟು ಅಂಕಕ್ಕೆ ಎಷ್ಟು ಕ್ರೆಡಿಟ್ ಎಂಬುದನ್ನು ಕಾಲೇಜುಗಳು ಮೊದಲೇ ಪ್ರಕಟಿಸಿರುತ್ತವೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಕೇಂದ್ರ ಸರಕಾರದ ಆನ್‌ಲೈನ್ ಪಾಠಗಳ ವೇದಿಕೆ ‘ಸ್ವಯಂ’. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಫೀಜು. ಐಐಟಿಗಳ ಎನ್‌ಪಿಟಿಇಎಲ್ ಕೋರ್ಸುಗಳಿಗೆ ಬಹುಕಾಲ ಅದು 1,000 ರೂಪಾಯಿ ಇತ್ತು. ಯುಜಿಸಿ 2016ರಲ್ಲಿ ಸೆಮಿಸ್ಟರಿನ ಶೇ 20ರಷ್ಟು ಕೋರ್ಸುಗಳನ್ನು ಹೀಗೆ ಕಟ್ಟಬಹುದೆಂದಿತು, 2021ರಲ್ಲಿ ಅದನ್ನು ಶೇ 40ಕ್ಕೆ ಏರಿಸಿತು. ಅದೇ ವರ್ಷ, ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಕೂಡ ಬಂತು. ಮುಲ್ಕಿ ಆದವನು ಕಳೆದುಕೊಂಡ ಜಮೆಯ ಲೆಕ್ಕ ಕೊನೆಗೂ ಕಾನೂನಿನಲ್ಲಿ ಕಾಣಿಸಿಕೊಂಡಿತು.

ದೇವಣಗಾಂವದ ಹುಡುಗಿಗೆ ಇದು ಎಟುಕಬೇಕಾದರೆ ಎರಡು ಕೆಲಸ ಬಾಕಿ ಇವೆ. ಪಾಠವೂ ಪ್ರಶ್ನೆಪತ್ರಿಕೆಯೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ; ನೂರು ವರ್ಷದ ಹಿಂದೆ ಮುಲ್ಕಿ ಕನ್ನಡದಲ್ಲಿ ನಡೆಯುತ್ತಿತ್ತು ಎಂಬುದನ್ನು ನಮ್ಮ ವಿಶ್ವವಿದ್ಯಾಲಯಗಳು ನೆನಪಿಟ್ಟುಕೊಂಡು ಕನ್ನಡದಲ್ಲಿ ಪರೀಕ್ಷೆ ಒದಗಿಸಬೇಕು. ಯಾವ ಪರೀಕ್ಷೆಗೆ ಎಷ್ಟು ಕ್ರೆಡಿಟ್ ಎಂಬ ಪಟ್ಟಿಯನ್ನು ಪ್ರತಿ ಕಾಲೇಜು ಪ್ರವೇಶದ ದಿನವೇ ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಮಕ್ಕಳನ್ನು ಕಾಲೇಜಿಗೆ ಸೇರಿಸುವ ತಂದೆತಾಯಿಗಳು ಫೀಜು ತುಂಬುವ ಮುನ್ನ ಆ ಪಟ್ಟಿಯನ್ನು ಕೇಳಿ ಪಡೆಯಲಿ.